ಗೋಡೆ ಯಾರದ್ದು ಅಂತ ಮೊದಲು ಹೇಳಿ



ಪೋಸ್ಟ್ ಸ್ವಲ್ಪ ಉದ್ದ ಆಗಿದೆ. ಇವನೇನು ಚಿತ್ರಕಲೆ ಬಗ್ಗೆ ಬರೀತಿದ್ದಾನೆ ಅಂತ ದಾಟಿಕೊಂಡು ಹೋಗಬೇಡಿ. ಕೊನೆಗೆ ಬಂದು ನಿಲ್ಲೋದು ನಮ್ಮ ಲೈನ್ ಮನೆ ಬಾಗಿಲಿಗೇ.

ಹೋದ ಭಾನುವಾರ ನಮ್ಮ ಆಫೀಸಿನವರೊಬ್ಬರ ನಿವೃತ್ತಿ ಊಟ ಇತ್ತು. ಮೂಡಿಗೆರೆಯಿಂದ ಕಳಸದ ಕಡೆ ಹೋಗೋ ದಾರೀಲಿ ಒಂದು ಹೋಂಸ್ಟೇ. ಹೆಸರು ಬೇಡ, ಒಂದರ ಹಾಗೇ ಇನ್ನೊಂದು. ಒಳಗೆ ಕಾಲಿಟ್ಟರೆ ಎದುರಿಗೆ ದೊಡ್ಡ ಗೋಡೆ, ಗೋಡೆ ತುಂಬಾ ಚಿತ್ರ. ನೀಲಿ, ಹಳದಿ, ಕೆಂಪು, ಹಸಿರು ಬಣ್ಣದಲ್ಲಿ ತ್ರಿಕೋನ, ಚೌಕ, ಮೆಟ್ಟಿಲಿನ ಹಾಗೆ ಏರಿಳಿಯೋ ಗೆರೆಗಳು. ಒಂದೊಂದು ಬಣ್ಣದ ಸುತ್ತಲೂ ದಪ್ಪನೆ ಕಪ್ಪು ಅಂಚು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಇದೇನು ಅಂತ ಮ್ಯಾನೇಜರ್ ಹುಡುಗನ್ನ ಕೇಳಿದೆ. "ಆಫ್ರಿಕನ್ ಟ್ರೈಬಲ್ ಆರ್ಟ್ ಸಾರ್. ಬೆಂಗಳೂರಿಂದ ಡಿಸೈನರ್ ಬಂದು ಮಾಡಿಸಿದ್ರು. ಕಾಫಿ ಆಫ್ರಿಕಾದಿಂದ ಬಂದಿದ್ದಲ್ವಾ, ಅದೇ ಥೀಮು" ಅಂದ. ಮೂಲ ಚಿತ್ರ ಯಾರದ್ದಪ್ಪ ಅಂದೆ. "ಟ್ರೈಬಲ್ ಅಲ್ವಾ ಸಾರ್, ಅದಕ್ಕೆಲ್ಲ ಹೆಸರು ಇರಲ್ಲ" ಅಂದ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹೇಳಿಕೊಟ್ಟವರ ಮೇಲೆ ಇದೆ. ಹೆಸರು ಇರಲ್ಲ ಅನ್ನೋ ಮಾತನ್ನ ನಾನು ಹುಟ್ಟಿದಾಗಿನಿಂದ ಕೇಳ್ತಾ ಬಂದಿದ್ದೀನಿ.

ಆ ಚಿತ್ರಕ್ಕೆ ಹೆಸರು ಇದೆ ಸ್ವಾಮಿ. ಅದು ದಕ್ಷಿಣ ಆಫ್ರಿಕಾದ ಎನ್‌ಡೆಬೆಲೆ ಹೆಣ್ಣುಮಕ್ಕಳು ತಮ್ಮ ಮನೆ ಗೋಡೆ ಮೇಲೆ ಬರೆಯೋ ಚಿತ್ರ. ಅದನ್ನ ಜಗತ್ತಿಗೆ ತೋರಿಸಿದವರ ಹೆಸರು ಎಸ್ತರ್ ಮಹ್ಲಾಂಗು. 1935ರಲ್ಲಿ ಹುಟ್ಟಿದವರು.

ಆಕೆ ಹತ್ತು ವರ್ಷದ ಹುಡುಗಿ ಇದ್ದಾಗ ಅವ್ವ, ಅಜ್ಜಿ ಗೋಡೆಗೆ ಬರೀತಿದ್ರಂತೆ. ಅವರು ಸುಧಾರಿಸಿಕೊಳ್ಳೋಕೆ ಅಂತ ಎದ್ದು ಹೋದಾಗ ಈ ಹುಡುಗಿ ತಾನೇ ಮುಂದುವರೆಸಿಬಿಡೋಳು. ವಾಪಸ್ ಬಂದು ನೋಡಿದ್ರೆ ಗೆರೆ ಎಲ್ಲಾ ಸೊಟ್ಟ. ಬೈಸಿಕೊಂಡಳು. ಆಮೇಲೆ ಮನೆ ಹಿಂದಿನ ಗೋಡೆ ಮೇಲೆ ಕೈ ಪಳಗಿಸಿಕೊಂಡಳು. ದಿನ ಕಳೆದ ಹಾಗೆ ಗೆರೆ ನೆಟ್ಟಗಾಯ್ತು. ಒಂದು ದಿನ ಅವ್ವ, ಅಜ್ಜಿಯೇ ಮುಂದಿನ ಗೋಡೆಗೆ ಬಾ ಅಂತ ಕರೆದರು. ಆಗ ನನಗೆ ಚಿತ್ರ ಬರೆಯೋದು ಬರುತ್ತೆ ಅಂತ ಗೊತ್ತಾಯ್ತು ಅಂತ ಆಕೆ ಹೇಳಿಕೊಂಡಿದ್ದಾರೆ. 2024ರಲ್ಲಿ ಕೇಪ್‌ಟೌನ್‌ನ ರಾಷ್ಟ್ರೀಯ ಗ್ಯಾಲರಿಯಲ್ಲಿ ಆಕೆಯ ಇಡೀ ಬದುಕಿನ ಕೆಲಸದ ಪ್ರದರ್ಶನ ನಡೀತು. ಅದಕ್ಕೆ ಈ ಮಾತೇ ಹೆಸರು.

ಹಿಂದಿನ ಗೋಡೆಯಿಂದ ಮುಂದಿನ ಗೋಡೆಗೆ. ಇದನ್ನ ನೆನಪಿಟ್ಟುಕೊಳ್ಳಿ, ಮತ್ತೆ ಬರ್ತೀನಿ.

ಈಗ ಆ ಜನರ ಕಥೆ ಕೇಳಿ. 1882-83ರಲ್ಲಿ ಬೋಯರ್‌ಗಳು, ಅಂದ್ರೆ ಡಚ್ ಮೂಲದ ಬಿಳಿ ಜಮೀನುದಾರರು, ಎನ್‌ಡೆಬೆಲೆಗಳ ಮೇಲೆ ಯುದ್ಧಕ್ಕೆ ಬಂದ್ರು. ತಿಂಗಳುಗಟ್ಟಲೆ ಮುತ್ತಿಗೆ ಹಾಕಿ, ಬೆಳೆ ಸುಟ್ಟು, ಹಸಿವಿನಿಂದ ಮಣಿಸಿದ್ರು. ಅರಸ ನ್ಯಾಬೆಲಾ ಶರಣಾದ. ನೆಲ ಎಲ್ಲಾ ಕಿತ್ತುಕೊಂಡು, ಜನಾನ ಬಿಳಿಯರ ಹೊಲಗಳಿಗೆ ಐದೈದು ವರ್ಷದ ಕರಾರಿನ ಮೇಲೆ ಆಳುಗಳಾಗಿ ಹಂಚಿದ್ರು.

ಇದಕ್ಕೆ ನಮ್ಮ ಕಡೆ ಏನಂತಾರೆ? ಜೀತ. ಕಾಗದದ ಮೇಲೆ ಐದು ವರ್ಷ, ಬಿಟ್ಟು ಹೋಗೋಕೆ ನೆಲವೇ ಇಲ್ಲದವನಿಗೆ ಐದು ಯಾವುದು, ಐವತ್ತು ಯಾವುದು? ಮಲೆನಾಡಿನ ನಮ್ಮ ಹಿರಿಯರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. 1976ರಲ್ಲಿ ಜೀತ ರದ್ದತಿ ಕಾಯ್ದೆ ಬರೋವರೆಗೂ ಮುಂಗಡದ ಸಾಲಕ್ಕೆ ಮಗನ್ನ ಬಿಟ್ಟು ಬಂದವರು ನಮ್ಮ ಕೇರಿಗಳಲ್ಲಿ ಎಷ್ಟು ಜನ ಇರಲಿಲ್ಲ?

ಹಂಗೆ ಚೆದುರಿಹೋದ ಜನರ ಹೆಣ್ಣುಮಕ್ಕಳು ಅವರವರ ಮಣ್ಣಿನ ಗೋಡೆ ಮೇಲೆ ಬರೆಯೋದನ್ನ ಬೆಳೆಸಿದ್ರು. ಮೊದಲು ಸಗಣಿ, ಕೆಮ್ಮಣ್ಣು, ಬೂದಿ, ಸುಣ್ಣ. ಕುಂಚ ಕೋಳಿಪುಕ್ಕ. ನಾವಿನ್ನೂ ಇದ್ದೀವಿ, ನಾವು ಇಂಥವರು, ಅಂತ ಧಣಿಯ ಜಮೀನಿನಲ್ಲೇ ನಿಂತು ಗೋಡೆ ಮೇಲೆ ಹೇಳಿದ್ರು. ಧಣಿ ಅದನ್ನ ಹೆಂಗಸರ ಅಲಂಕಾರ ಅಂದುಕೊಂಡ.

ಇನ್ನೊಂದು ವಿಷಯ ಕೇಳಿ. ಇದು ಸಾವಿರಾರು ವರ್ಷದ ಅಪ್ಪಟ, ಶುದ್ಧ ಪರಂಪರೆ ಏನಲ್ಲ. ಗೋಡೆಗೆ ಬರೆಯೋದನ್ನ ನೆರೆಹೊರೆಯ ಸೋತೋ, ಪೇಡಿ ಜನರಿಂದ ಕಲಿತರು ಅಂತಾರೆ. ಅಂಗಡಿ ಬಣ್ಣ ಸಿಕ್ಕಿದಾಗ ಅದನ್ನೂ ಬಳಸಿದ್ರು. ಶೇವಿಂಗ್ ಬ್ಲೇಡು, ಕರೆಂಟ್ ಬಲ್ಬು, ವಿಮಾನ, ಕಣ್ಣಿಗೆ ಬಿದ್ದಿದ್ದೆಲ್ಲಾ ಗೋಡೆಗೆ ಬಂತು. ಅವರ ಮನೆಯಲ್ಲಿ ಕರೆಂಟ್ ಇಲ್ಲದಿದ್ರೂ ಗೋಡೆ ಮೇಲೆ ಬಲ್ಬು ಉರೀತಿತ್ತು! ಇದು ಕಲಾವಿದರು ಮಾಡೋ ಕೆಲಸ. ದೊಡ್ಡ ಕಲಾವಿದರು ಬೇರೆಯವರಿಂದ ತಗೊಂಡ್ರೆ ಅದಕ್ಕೆ ಪ್ರಭಾವ ಅಂತಾರೆ. ಬಡವರು ತಗೊಂಡ್ರೆ ಪರಂಪರೆ ಕೆಟ್ಟೋಯ್ತು ಅಂತಾರೆ. 1907ರಲ್ಲಿ ಪಿಕಾಸೋ ಪ್ಯಾರಿಸ್ಸಿನ ಮ್ಯೂಸಿಯಂನಲ್ಲಿ ಆಫ್ರಿಕಾದ ಮುಖವಾಡ ನೋಡಿದ್ದೂ, ಅವನ ಚಿತ್ರ ಬದಲಾಗಿದ್ದೂ ಪಠ್ಯಪುಸ್ತಕದಲ್ಲಿ ಇದೆ. ಆ ಮುಖವಾಡ ಕೆತ್ತಿದವನ ಹೆಸರು ಯಾವ ಪುಸ್ತಕದಲ್ಲಿದೆ? ಕೆತ್ತಿದವನಿಗೆ ಅಪ್ಪ ಅವ್ವ ಹೆಸರಿಟ್ಟಿರಲಿಲ್ವಾ?

ಎಸ್ತರ್ ಅವರನ್ನೂ ಹಂಗೇ ಮುಗಿಸೋ ಏರ್ಪಾಡು ಇತ್ತು. ವರ್ಣಭೇದದ ಸರ್ಕಾರ ಒಂದು ಕಡೆ ಕರಿಯರನ್ನ ಊರಾಚೆ ಇಡ್ತಿತ್ತು, ಇನ್ನೊಂದು ಕಡೆ ಅವರ ಚಿತ್ರದ ಗೋಡೆಗಳನ್ನ ಪ್ರವಾಸಿಗಳಿಗೆ ತೋರಿಸ್ತಿತ್ತು. ಎಸ್ತರ್ ಕೂಡಾ 1980ರ ದಶಕದಲ್ಲಿ ಬೋಟ್ಶಬೆಲೋ ಅನ್ನೋ ಬಯಲು ಮ್ಯೂಸಿಯಂನಲ್ಲಿ ಇದ್ದು ಕೆಲಸ ಮಾಡಿದವರು. ಅಂದ್ರೆ ನೀವು ಬದುಕ್ತಾ ಇರಿ, ನಾವು ಬಂದು ನೋಡ್ತೀವಿ ಅನ್ನೋ ಜಾಗ. ನಮ್ಮ ಹೋಂಸ್ಟೇಗಳಲ್ಲಿ ಪ್ರವಾಸಿಗಳ ಫೋಟೋಗೆ ಅಂತ ಹೆಣ್ಣಾಳುಗಳ ಸೊಂಟಕ್ಕೆ ಕಾಫಿ ಬುಟ್ಟಿ ಕಟ್ಟಿ ನಿಲ್ಲಿಸ್ತಾರಲ್ಲ, ಅದರ ದೊಡ್ಡಣ್ಣ.

ಅವರ ಕೆಲಸ ಕಂಡವರು 1989ರಲ್ಲಿ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನಕ್ಕೆ ಕರೆಸಿದ್ರು. ಅಲ್ಲಿ ತನ್ನ ಮನೆಯ ಪ್ರತಿರೂಪಕ್ಕೇ ಬಣ್ಣ ಬರೆದ್ರು. 1991ರಲ್ಲಿ ಬಿಎಂಡಬ್ಲ್ಯು ಕಾರಿಗೆ ಬರೆದ್ರು. ಆಂಡಿ ವಾರ್ಹಾಲ್, ಲಿಕ್ಟನ್‌ಸ್ಟೈನ್ ಅಂಥವರು ಬರೆದಿದ್ದ ಸಾಲು ಅದು. ಆ ಸಾಲಿಗೆ ಬಂದ ಮೊದಲ ಹೆಣ್ಣು ಇವರೇ. ಊರಲ್ಲಿ ತನ್ನ ಮನೇಲೇ ಮಕ್ಕಳಿಗೆ ಕಲಿಸಿದ್ರು. 2018ರಲ್ಲಿ ಜೋಹಾನ್ಸ್‌ಬರ್ಗ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಡ್ತು. ಎಲ್ಲೇ ಹೋದ್ರೂ ತನ್ನ ಜನರ ಉಡುಪು, ಮಣಿಸರ. ಚಿತ್ರದ ಮೇಲೆ ತನ್ನ ಸಹಿ.

ಈ ಸಹಿ ಇದೆಯಲ್ಲ, ಅದೇ ಅವರು ಮಾಡಿದ ಜಗಳ.

ನಮ್ಮ ಕೆಲವು ಸಂಗಾತಿಗಳು ಕೇಳ್ತಾರೆ, ಗೊತ್ತು: "ಕಾರ್ ಕಂಪನಿಗೆ ಬಣ್ಣ ಬಳಿದವಳನ್ನ ಹೊಗಳ್ತೀಯಲ್ಲಣ್ಣ, ಬಂಡವಾಳಶಾಹಿ ಅಲ್ವಾ ಇದು?" ಹೌದು, ಕಂಪನಿ ಪುಣ್ಯಕ್ಕೆ ಕರೆದಿದ್ದಲ್ಲ, ಪ್ರಚಾರಕ್ಕೆ ಕರೆದಿದ್ದು. ಆದ್ರೆ ಒಂದು ಮಾತು ಹೇಳಿ. ಮೇಲ್ಜಾತಿ ಕಲಾವಿದ ಅರಮನೆಗೆ ಬರೆದ್ರೆ, ಬ್ಯಾಂಕಿನ ಗೋಡೆಗೆ ಬರೆದ್ರೆ, ಪಂಚತಾರಾ ಹೋಟೆಲಿಗೆ ಬರೆದ್ರೆ ಈ ಪ್ರಶ್ನೆ ಕೇಳಿದ್ದೀರಾ? ನಮ್ಮೋರು ಮಾತ್ರ ಹಸಿದುಕೊಂಡು ಶುದ್ಧವಾಗಿರಬೇಕಾ? ಹೆಸರಿಲ್ಲದೆ ಬಳಸಿಕೊಳ್ಳೋದಕ್ಕೂ, ಹೆಸರು ಹಾಕಿ ಕೂಲಿ ಕೊಟ್ಟು ಕೆಲಸ ಕೇಳೋದಕ್ಕೂ ವ್ಯತ್ಯಾಸ ಇಲ್ಲ ಅನ್ನೋನು ಯಾವತ್ತೂ ಬಿಟ್ಟಿ ಚಾಕರಿ ಮಾಡಿದವನಲ್ಲ.

ಈಗ ನಮ್ಮ ಗೋಡೆಗೆ ಬರೋಣ.

ನಾನು ಹುಟ್ಟಿದ್ದು ಒಂದು ಎಸ್ಟೇಟಿನ ಕೂಲಿ ಲೈನಿನಲ್ಲಿ. ನಮ್ಮವ್ವ ದೀಪಾವಳಿ ಬಂತು ಅಂದ್ರೆ ಗೋಡೆಯ ಕೆಳಗಡೆ ಕೆಮ್ಮಣ್ಣು ಸಾರಿಸಿ, ಅದರ ಮೇಲೆ ಶೇಡಿಯಲ್ಲಿ ಬಳ್ಳಿ ಬರೆಯೋಳು. ಎಳೆ ಎಳೆಯಾಗಿ, ನಡುವೆ ಹಕ್ಕಿ, ಬಾಗಿಲ ಎರಡೂ ಕಡೆ ಕಾಫಿ ಗಿಡ. ಒಂದು ಸಲ ಪೇಟೆಯಿಂದ ಸಾವ್ಕಾರ್ರ ನೆಂಟರು ತೋಟ ನೋಡೋಕೆ ಬರ್ತಾರೆ ಅಂತ ರೈಟರು ಬಂದು, "ಲೈನ್ ಎಲ್ಲಾ ಒಂದೇ ಥರ ಇರಬೇಕು" ಅಂದು ಸುಣ್ಣ ಹೊಡೆಸಿಬಿಟ್ರು. ಅವ್ವ ಏನೂ ಮಾತಾಡಲಿಲ್ಲ. ಏನು ಮಾತಾಡ್ತಾಳೆ? ಗೋಡೆ ಅವರದ್ದು. ಮುಂದೆ ಅಪ್ಪನ ಕೈಲಾಗದೆ ಕೆಲಸ ಬಿಟ್ಟಾಗ ಮನೆಯನ್ನೂ ಬಿಟ್ಟೆವು. ಸುಣ್ಣದ ಕೆಳಗೆ ಆ ಬಳ್ಳಿ ಇದ್ದರೂ ಇರಬಹುದು.

ಮಲೆನಾಡಿನ ಹೆಣ್ಣುಮಕ್ಕಳಿಗೆ ಕೈ ಇಲ್ವಾ? ಸಾಗರದ ಕಡೆ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ ನೋಡಿ. ಅಕ್ಕಿ ಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಹುರಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಅಳತೆಪಟ್ಟಿ ಇಲ್ಲದೆ ಅಷ್ಟು ನೇರ ಗೆರೆ ಎಳೀತಾರೆ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಹಳೇ ಸೀರೆ ತುಂಡಲ್ಲಿ ಹೊಲಿಯೋ ಕವಂದಿ ನೋಡಿ, ಬಣ್ಣದ ಪಕ್ಕ ಬಣ್ಣ ಇಡೋದನ್ನ ಅವರಿಂದ ಕಲೀಬೇಕು. ಅವರ ಪೂರ್ವಿಕರು ಆಫ್ರಿಕಾದವರು, ಬಹಳಷ್ಟು ಜನ ಗುಲಾಮರಾಗಿ ಬಂದವರು. ಆಫ್ರಿಕಾದ ಕಲೆ ಬೇಕು ಅನ್ನೋ ಹೋಂಸ್ಟೇಯವರಿಗೆ ನಮ್ಮದೇ ರಾಜ್ಯದ ಯಲ್ಲಾಪುರ, ಹಳಿಯಾಳ ಕಾಣಲ್ಲ. ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳೋದು ಸುಲಭ, ಅದಕ್ಕೆ ಕೂಲಿ ಕೊಡೋ ಹಾಗಿಲ್ಲ.

ಆದ್ರೆ ನನ್ನ ಮುಖ್ಯ ಮಾತು ಇಷ್ಟೇ ಅಲ್ಲ. ಹಸೆ ಬರೆಯೋರಿಗೆ, ಎಸ್ತರ್ ಅವರ ಅವ್ವನಿಗೆ, ಕಷ್ಟವೋ ಸುಖವೋ, ತಾವೇ ಮೆತ್ತಿದ ಒಂದು ಗೋಡೆ ಇತ್ತು. ಹಿಂದಿನ ಗೋಡೆ ಮೇಲೆ ಸೊಟ್ಟ ಗೆರೆ ಎಳೆದು ಕಲಿಯೋಕೆ ಜಾಗ ಇತ್ತು. ಕಾಫಿ ಸೀಮೆಯ ನಮ್ಮ ಮಕ್ಕಳಿಗೆ ಯಾವ ಗೋಡೆ ಇದೆ?

ಕಾನೂನು ಏನನ್ನತ್ತೆ ನೋಡಿ. ನಾನು ಗುಮಾಸ್ತ, ಕಾಗದ ಓದೋದೇ ನನ್ನ ಹೊಟ್ಟೆಪಾಡು. ನಮ್ಮ ರಾಜ್ಯದ 1961ರ ಭೂಸುಧಾರಣಾ ಕಾಯ್ದೆಯ 38ನೇ ಕಲಂ, ಬೇರೆಯವರ ಜಮೀನಿನ ಮನೆಯಲ್ಲಿ ವಾಸ ಇರೋ ಕೃಷಿ ಕಾರ್ಮಿಕನಿಗೆ ಆ ಮನೆಯ ಮಾಲೀಕತ್ವ ಕೇಳೋ ದಾರಿ ಕೊಟ್ಟಿದೆ. ಓದಿ ಖುಷಿ ಪಡೋಷ್ಟರಲ್ಲಿ 104ನೇ ಕಲಂ ಬರುತ್ತೆ: 38ನೇ ಕಲಂ ಪ್ಲಾಂಟೇಶನ್‌ಗಳಿಗೆ ಅನ್ವಯ ಆಗೋದಿಲ್ಲ. ಪ್ಲಾಂಟೇಶನ್ ಅಂದ್ರೆ ಕಾಫಿ, ಟೀ, ರಬ್ಬರ್, ಏಲಕ್ಕಿ, ಮೆಣಸು. ಅಂದ್ರೆ ಬಯಲುಸೀಮೆಯ ಹೊಲದಲ್ಲಿ ದುಡಿದವನಿಗೆ ಕೇಳೋ ಹಕ್ಕಾದ್ರೂ ಉಂಟು, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ದುಡಿದವನಿಗೆ ಅದೂ ಇಲ್ಲ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಮಾಲೀಕ ಮನೆ ಕೊಡಬೇಕು ಅಂತು, ಸರಿ. ಆದ್ರೆ ಅದು ಕೆಲಸದ ಜೊತೆ ಬರೋ ಮನೆ. ಕೆಲಸ ಹೋದ ದಿನ ಮನೆಯೂ ಹೋಗುತ್ತೆ.

ಇನ್ನೊಂದು ಕಡೆ ನೋಡಿ. ಸರ್ಕಾರಿ ಜಮೀನು ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ ಕುಟುಂಬಕ್ಕೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡೋ ಹಾಗೆ ಕಂದಾಯ ಕಾಯ್ದೆಗೇ ತಿದ್ದುಪಡಿ ಮಾಡಿದ್ರು. ಒತ್ತುವರಿ ಮಾಡಿದವನಿಗೆ 25 ಎಕರೆ. ಆ ಗಿಡ ನೆಟ್ಟು, ಕಸಿ ಮಾಡಿ, ಹಣ್ಣು ಕೊಯ್ದವಳಿಗೆ ಒಂದು ಸೈಟು ಕೇಳಿದ್ರೆ "ಜಾಗ ಇಲ್ಲ, ಅರಣ್ಯ, ಡೀಮ್ಡ್ ಫಾರೆಸ್ಟ್" ಅಂತ ಹಿಂಬರಹ. ಮೂಡಿಗೆರೆ ಮೀಸಲು ಕ್ಷೇತ್ರ. ಗೆಲ್ಲೋರು ನಮ್ಮೋರೇ. ಈ 104ನೇ ಕಲಂ ಬಗ್ಗೆ ಎಷ್ಟು ಸಲ ಬಾಯಿ ಬಿಟ್ಟಿದ್ದಾರೆ ಅಂತ ಓಟು ಕೇಳೋಕೆ ಬಂದಾಗ ಕೇಳಿ.

ಒಂದು ಮಾತು ನಮಗೇ ಹೇಳಿಕೊಳ್ಳಬೇಕು. ಅಂಬೇಡ್ಕರ್ ಜಯಂತಿ ದಿನ ವೇದಿಕೆ ಮುಂದೆ ರಂಗೋಲಿ ಬಿಡಿಸಿದ ಹೆಣ್ಣುಮಕ್ಕಳ ಹೆಸರು ನಾವು ಹೇಳ್ತೀವಾ? ಫ್ಲೆಕ್ಸಲ್ಲಿ ನಮ್ಮ ಮೂವತ್ತು ಮುಖ. ತಮಟೆ ಬಾರಿಸಿದವರು "ತಂಡದವರು". ಹೆಸರಿಲ್ಲದ ಹಾಗೆ ಮಾಡೋ ಚಾಳಿ ನಮಗೂ ಅಂಟಿದೆ. ಅಮೆರಿಕದ ಕರಿಯರ ಹೋರಾಟ ನೋಡಿ 1972ರಲ್ಲಿ ಮುಂಬೈಯಲ್ಲಿ ದಲಿತ್ ಪ್ಯಾಂಥರ್ ಕಟ್ಟಿದ್ರು. 1946ರಲ್ಲೇ ಬಾಬಾಸಾಹೇಬರು ಡುಬಾಯ್ಸ್ ಅವರಿಗೆ ಕಾಗದ ಬರೆದಿದ್ರು. ಅವರಿಂದ ಹೋರಾಟ ಕಲಿತವರು ನಾವು. ಸಹಿ ಹಾಕೋದನ್ನೂ ಕಲಿಯೋಣ.

ನನ್ನ ಬೇಡಿಕೆ ಮೂರೇ.

ಒಂದು, ಯಾರದ್ದೇ ಚಿತ್ರ ಗೋಡೆಗೆ ಹಾಕಿದ್ರೂ ಅದು ಯಾವ ಜನರದ್ದು, ಬರೆದ ಕೈ ಯಾವುದು ಅಂತ ಪಕ್ಕದಲ್ಲೇ ಬರೀಬೇಕು. ಕೂಲಿ ಕೊಡಬೇಕು. ಹೋಂಸ್ಟೇ ಇರಲಿ, ಸರ್ಕಾರಿ ಕಚೇರಿ ಇರಲಿ.

ಎರಡು, ನಮ್ಮ ಕಾರ್ಯಕ್ರಮಗಳಿಂದಲೇ ಶುರು ಮಾಡೋಣ. ಬರೆದವರ, ಬಾರಿಸಿದವರ, ಹೊಲಿದವರ ಹೆಸರು ಕರಪತ್ರದಲ್ಲಿ ಬರಲಿ, ಭಾಷಣಕಾರರ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ.

ಮೂರು, ಇದೇ ದೊಡ್ಡದು. 38ನೇ ಕಲಂ ಕಾಫಿ ತೋಟಕ್ಕೂ ಅನ್ವಯ ಆಗೋ ಹಾಗೆ 104ನೇ ಕಲಂ ತಿದ್ದಬೇಕು. ಆಗಲ್ಲ ಅಂದ್ರೆ ತಲೆಮಾರಿನಿಂದ ಲೈನಲ್ಲಿರೋ ಪ್ರತಿ ಕುಟುಂಬಕ್ಕೆ ಹಕ್ಕುಪತ್ರದ ಸೈಟು ಕೊಡಬೇಕು. ಒತ್ತುವರಿದಾರರಿಗೆ ಸಿಕ್ಕ ಜಾಗ ಕೂಲಿಯವರಿಗೆ ಹೆಂಗೆ ಇಲ್ಲ ಅಂತ ತಹಸೀಲ್ದಾರರು ಬರವಣಿಗೆಯಲ್ಲಿ ಹೇಳಲಿ. ಅರ್ಜಿ ನಮೂನೆ ನಾನು ಬರೆದುಕೊಡ್ತೀನಿ. ಮೂಡಿಗೆರೆ, ಕಳಸ, ಎನ್.ಆರ್.ಪುರ, ಕೊಪ್ಪದ ಸಂಗಾತಿಗಳು ನಿಮ್ಮ ನಿಮ್ಮ ಲೈನಿನ ಪಟ್ಟಿ ಮಾಡಿ: ಎಷ್ಟು ಮನೆ, ಎಷ್ಟು ತಲೆಮಾರು, ಯಾವ ದಾಖಲೆ ಇದೆ. ಇನ್‌ಬಾಕ್ಸಿಗೆ ಕಳಿಸಿ.

ಬಂಗಲೆಯ ಮುಂದಿನ ಗೋಡೆಗೆ ಆಫ್ರಿಕಾ ಬೇಕು, ಹಿಂದಿನ ಲೈನಿನ ಗೋಡೆಗೆ ಬರೀ ಸುಣ್ಣ ಸಾಕು ಅನ್ನೋರಿಗೆ ಉತ್ತರ ಚಿತ್ರದಲ್ಲಿ ಕೊಡೋಣ. ಅದಕ್ಕೆ ಮೊದಲು ಗೋಡೆ ನಮ್ಮ ಹೆಸರಿಗೆ ಆಗಲಿ.

ಜೈಭೀಮ್.