ಕಲಶಕ್ಕೆ ಕೋಟಿ, ಕಾವಲಿಗೆ ಕಾಸಿಲ್ಲ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿ ಕೇಂದ್ರ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯವೊಂದಿದೆ ಎಂಬುದು ನಮ್ಮ ಸಮಾಜ ಬಾಂಧವರಲ್ಲಿ ಎಷ್ಟು ಮಂದಿಗೆ ತಿಳಿದಿದೆ? ಬಸದಿಹಳ್ಳಿಯ ಪಾರ್ಶ್ವನಾಥ ಸ್ವಾಮಿಯ ದರ್ಶನಕ್ಕೆ ಹಾಸನದ ಕಡೆಯಿಂದ ಬರುವ ಯಾತ್ರಿಕರ ಬಸ್ಸುಗಳು ನಮ್ಮ ಹಗರೆಯಲ್ಲಿಯೇ ತಿರುಗಿ ಹೋಗುತ್ತವೆ. ದರ್ಶನವಾಯಿತು, ಅರ್ಘ್ಯವಾಯಿತು, ಕನ್ನಡಿಯಂತೆ ಹೊಳೆಯುವ ಕಂಬದಲ್ಲಿ ಮುಖ ನೋಡಿಕೊಂಡದ್ದಾಯಿತು. ಮುಂದಿನ ಕ್ಷೇತ್ರಕ್ಕೆ ಹೊರಡುವ ಅವಸರ. ಕೂಗಳತೆಯ ದೂರದಲ್ಲಿ ಸಂಗ್ರಹಾಲಯದ ಹೊಯ್ಸಳ ಶಿಲ್ಪಗಳ ನಡುವೆ ಜಿನಬಿಂಬಗಳೂ ನಿಂತಿವೆ ಎಂಬ ಅರಿವು ಅವರಿಗಿಲ್ಲ. ಅಲ್ಲಿಯ ಪ್ರವೇಶಶುಲ್ಕ ಒಂದು ಲೋಟ ಕಾಫಿಯ ಬೆಲೆಗಿಂತ ಕಡಿಮೆ. ಆದರೂ ಒಳಗೆ ಹೋಗುವವರಿಲ್ಲ.

ಭಿನ್ನವಾದ ಬಿಂಬ ಪೂಜೆಗೆ ಸಲ್ಲದೆಂಬುದು ಸಾಮಾನ್ಯ ನಿಯಮ. ಈ ನಿಯಮವನ್ನೇ ನಾವು ಒಂದು ನೆಪವಾಗಿ ಮಾಡಿಕೊಂಡಿದ್ದೇವೆ. ಪೂಜೆಗೆ ಸಲ್ಲದೆಂದ ಮಾತ್ರಕ್ಕೆ ಗೌರವಕ್ಕೂ ಸಲ್ಲದೆಂಬ ಅರ್ಥ ಹುಟ್ಟುವುದು ಹೇಗೆ? ಹಳ್ಳಿಯ ಬಸದಿಗಳಲ್ಲಿ ಭಗ್ನ ಮೂರ್ತಿಗಳನ್ನು ಹಿಂಬದಿಯ ಗೋಡೆಗೊರಗಿಸಿ, ಮುಂದೆ ಹೊಸ ಅಮೃತಶಿಲೆಯ ಬಿಂಬವನ್ನು ಪ್ರತಿಷ್ಠಾಪಿಸಿ ಪಂಚಕಲ್ಯಾಣ ಮಹೋತ್ಸವ ನಡೆಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಎಂಟುನೂರು ವರ್ಷ ಹಿಂದಿನ ಶಿಲ್ಪಿಯ ಕೈ ಕೆತ್ತಿದ್ದು ಮಳೆಯಲ್ಲಿ ನೆನೆಯುತ್ತದೆ. ಕಳೆದ ವರ್ಷ ಲಾರಿಯಲ್ಲಿ ಬಂದದ್ದು ಗರ್ಭಗೃಹದಲ್ಲಿ ಬೆಳಗುತ್ತದೆ.

ಇದನ್ನು ಹೇಳಿದೊಡನೆ ಬರುವ ಉತ್ತರ, ‘ವಸ್ತುಸಂಗ್ರಹಾಲಯ ಸರ್ಕಾರದ ಕೆಲಸ’ ಎಂಬುದು. ಸರ್ಕಾರದ ಹೊಣೆ ಸರ್ಕಾರದ್ದೇ, ಅದರಲ್ಲಿ ವಿವಾದವಿಲ್ಲ. ಆದರೆ ಸರ್ಕಾರವೇ ಹೊರಗಿನ ಹಣಕ್ಕೆ ಬಾಗಿಲು ತೆರೆದು ಬಹಳ ಕಾಲವಾಯಿತು. 1996ರಲ್ಲಿ ರಾಷ್ಟ್ರೀಯ ಸಂಸ್ಕೃತಿ ನಿಧಿ ಸ್ಥಾಪನೆಯಾಯಿತು. ದಾನಿಯು ತನ್ನ ಹಣ ಯಾವ ಕಾರ್ಯಕ್ಕೆ ಸಲ್ಲಬೇಕೆಂದು ಅಲ್ಲಿ ಸೂಚಿಸಬಹುದು. 2013ರ ಕಂಪನಿ ಕಾಯ್ದೆಯು ದೊಡ್ಡ ಕಂಪನಿಗಳು ಲಾಭದ ನೂರಕ್ಕೆ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕೆಂದು ವಿಧಿಸಿ, ಪರಂಪರೆ ಮತ್ತು ಕಲೆಯ ರಕ್ಷಣೆಯನ್ನು ಆ ಪಟ್ಟಿಯಲ್ಲಿ ಸೇರಿಸಿತು. 2017ರಲ್ಲಿ ಸ್ಮಾರಕಗಳನ್ನು ‘ದತ್ತು’ ಕೊಡುವ ಯೋಜನೆ ಬಂದಿತು. ಮರುವರ್ಷವೇ ದೆಹಲಿಯ ಕೆಂಪುಕೋಟೆಯನ್ನು ಒಂದು ಸಿಮೆಂಟ್ ಕಂಪನಿ ವಹಿಸಿಕೊಂಡಿತು. ಹಣ ಹೊರಗಿನಿಂದ ಬರುವುದು ನಿಶ್ಚಯವಾಗಿರುವಾಗ, ಅದು ಯಾರಿಂದ, ಯಾವ ನಿಬಂಧನೆಯ ಮೇಲೆ ಎಂಬುದಷ್ಟೇ ಉಳಿದ ಪ್ರಶ್ನೆ. ನಾವು ಸುಮ್ಮನಿದ್ದರೆ ಆ ನಿಬಂಧನೆಗಳನ್ನು ಬೇರೆಯವರು ಬರೆಯುತ್ತಾರೆ.

ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯ ಪ್ರಸಂಗವನ್ನು ಇಲ್ಲಿ ನೆನೆಯಬೇಕು. 2015ರಲ್ಲಿ ಸರ್ಕಾರವು ಅದರ ನಿರ್ವಹಣೆಯ ಕುರಿತು ತಸ್ವೀರ್ ಫೌಂಡೇಶನ್ ಎಂಬ ಖಾಸಗಿ ಪ್ರತಿಷ್ಠಾನದೊಡನೆ ಒಡಂಬಡಿಕೆ ಮಾಡಿಕೊಂಡಿತು. ಸಾರ್ವಜನಿಕರ ಸ್ವತ್ತು ಖಾಸಗಿಯವರ ಕೈಗೆ ಹೋಗಬಾರದೆಂದು ಕಲಾವಿದರು ಬೀದಿಗಿಳಿದರು. 2016ರಲ್ಲಿ ಒಡಂಬಡಿಕೆ ಮುರಿದುಬಿತ್ತು. ಅದರ ಹಿಂದಿದ್ದ ಕಲಾಸಂಗ್ರಾಹಕರೇ ಮುಂದೆ ಅದೇ ಕಸ್ತೂರಬಾ ರಸ್ತೆಯಲ್ಲಿ ಸ್ವಂತ ಕಟ್ಟಡ ಕಟ್ಟಿ 2023ರಲ್ಲಿ ಕಲೆ ಮತ್ತು ಛಾಯಾಚಿತ್ರಗಳ ವಸ್ತುಸಂಗ್ರಹಾಲಯವನ್ನು ತೆರೆದರು. ಉಭಯ ಪಕ್ಷಗಳಿಗೂ ಇದೇ ಒಳಿತಾಯಿತೆಂಬುದು ನನ್ನ ಅಭಿಪ್ರಾಯ. ಶ್ರೀಮಂತನು ತನ್ನ ಮನೆಯನ್ನು ತಾನು ಕಟ್ಟಲಿ. ಊರಿನ ಮನೆಗೆ ಹಣ ಕೊಡುವುದಾದರೆ ಬೀಗದ ಕೈ ಕೇಳದೆ ಕೊಡಲಿ.

ಹಣದ ಮೂಲದ ವಿಷಯವೂ ಇಲ್ಲಿಯೇ ಬರುತ್ತದೆ. ಶ್ರಾವಕನ ಲಕ್ಷಣಗಳನ್ನು ಹೇಳುವಾಗ ಆಶಾಧರ ಪಂಡಿತರು ನ್ಯಾಯದಿಂದ ಗಳಿಸಿದ ಧನಕ್ಕೆ ಮೊದಲ ಸ್ಥಾನ ಕೊಟ್ಟರು. ದಾನದ ಮಾತು ಅದರ ನಂತರದ್ದು. ಪಾಶ್ಚಾತ್ಯರು ಈ ಪಾಠವನ್ನು ತೀರ ಈಚೆಗೆ, ಅವಮಾನಪಟ್ಟು ಕಲಿತರು. ವ್ಯಸನ ಹಿಡಿಸುವ ನೋವುನಿವಾರಕ ಗುಳಿಗೆಗಳ ವ್ಯಾಪಾರದಲ್ಲಿ ಸಂಪತ್ತು ಗಳಿಸಿದ ಸ್ಯಾಕ್ಲರ್ ಕುಟುಂಬದ ಹೆಸರನ್ನು ಪ್ಯಾರಿಸ್ಸಿನ ಲೂವ್ರ್ 2019ರಲ್ಲಿಯೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ 2021ರಲ್ಲಿಯೂ ತಮ್ಮ ಗೋಡೆಗಳಿಂದ ತೆಗೆದುಹಾಕಿದವು. ಹೆಸರನ್ನು ಅಳಿಸಬಹುದು, ಹಣವನ್ನು ಮರಳಿಸುವುದು ಸುಲಭವಲ್ಲ. ನಮ್ಮ ಟ್ರಸ್ಟುಗಳ ಶಿಲಾಫಲಕಗಳಲ್ಲಿ ಯಾರ ಯಾರ ಹೆಸರುಗಳಿವೆ, ಅವರ ವ್ಯವಹಾರವೇನು ಎಂದು ನಾವು ಕೇಳಿದ್ದುಂಟೆ? ಅಹಿಂಸೆಯನ್ನು ಆಹಾರದಲ್ಲಿ ಹುಡುಕುವಷ್ಟು ಶ್ರದ್ಧೆಯಿಂದ ಲೆಕ್ಕಪುಸ್ತಕದಲ್ಲಿಯೂ ಹುಡುಕಬಾರದೇಕೆ?

ನಾನು ವಾಣಿಜ್ಯಶಾಸ್ತ್ರ ಓದಿದವನು, ಅಂಗಡಿ ನಡೆಸಿದವನು. ಆದುದರಿಂದ ಲೆಕ್ಕದ ಭಾಷೆಯಲ್ಲಿಯೇ ಹೇಳುತ್ತೇನೆ. ಕಟ್ಟಡ ಬಂಡವಾಳದ ವೆಚ್ಚ. ಸಂಬಳ, ಸವಕಳಿ, ದುರಸ್ತಿ ವರ್ಷ ವರ್ಷದ ವೆಚ್ಚ. ದಾನಿಗಳು ಮೊದಲನೆಯದಕ್ಕೆ ನಾ ಮುಂದು ತಾ ಮುಂದೆಂದು ಬರುತ್ತಾರೆ, ಏಕೆಂದರೆ ಕಟ್ಟಡಕ್ಕೆ ಫಲಕವುಂಟು. ಸಂಬಳದ ಚೀಟಿಯ ಮೇಲೆ ಯಾರ ಹೆಸರನ್ನೂ ಕೆತ್ತಿಸಲಾಗದು. ಸಂಗ್ರಹಾಲಯ ಬದುಕುವುದು ಎರಡನೆಯದರ ಮೇಲೆ. ಶಿಲ್ಪವನ್ನು ಬಲ್ಲ ಒಬ್ಬ ತರುಣನಿಗೆ ತಿಂಗಳಿಗೆ 20 ಸಾವಿರ ರೂಪಾಯಿ ಕೊಡುವುದಾದರೆ ವರ್ಷಕ್ಕೆ 2 ಲಕ್ಷ 40 ಸಾವಿರ. ನೂರಕ್ಕೆ 6ರ ಬಡ್ಡಿಯಂತೆ 40 ಲಕ್ಷದ ಮೂಲನಿಧಿ ಸಾಕು. ಕಲ್ಯಾಣಮಂಟಪವೊಂದರ ಭೋಜನಶಾಲೆಗೆ ಇದಕ್ಕಿಂತ ಹೆಚ್ಚು ಸುರಿಯುವ ಟ್ರಸ್ಟುಗಳು ನಮ್ಮಲ್ಲಿವೆ.

ಆ ತರುಣನ ಕೆಲಸವೇನೆಂದು ಕೇಳುವವರುಂಟು. ಜಿಲ್ಲೆಯ ಬಸದಿ ಬಸದಿಗೆ ಹೋಗಿ ಒಂದೊಂದು ಬಿಂಬದ ಅಳತೆ, ಲಾಂಛನ, ಶಾಸನ, ಛಾಯಾಚಿತ್ರಗಳನ್ನು ದಾಖಲಿಸುವುದು. 2013ರ ಜುಲೈನಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯ ವಿಗ್ರಹಗಳು ಕಳುವಾದಾಗ ನಾಡಿನ ಜೈನರೆಲ್ಲರೂ ತಲ್ಲಣಿಸಿದರು. ಪ್ರಸಿದ್ಧ ಕ್ಷೇತ್ರವಾದುದರಿಂದ ಕೂಗು ಎದ್ದಿತು. ಹೆಸರಿಲ್ಲದ ಹಳ್ಳಿಯ ಬಸದಿಯಲ್ಲಿ, ಚಿತ್ರವೂ ಅಳತೆಯೂ ಇಲ್ಲದ ಲೋಹದ ಚೌವೀಸಿ ಕಾಣೆಯಾದರೆ, ಅದು ನಮ್ಮದೆಂದು ಯಾವ ನ್ಯಾಯಾಲಯದಲ್ಲಿ ಸಾಧಿಸುತ್ತೇವೆ? 2021ರಲ್ಲಿ ಹಳೇಬೀಡಿನ ಬಸದಿಗಳ ಬಳಿ ನೆಲ ಅಗೆದಾಗ ಪ್ರಾಚೀನ ಶಿಲ್ಪಗಳೂ ಕಟ್ಟಡದ ಅವಶೇಷಗಳೂ ಹೊರಬಂದವು. ಮಣ್ಣಿನಡಿಯಲ್ಲಿ ಇನ್ನೇನಿದೆಯೋ ತಿಳಿಯದು. ಮಣ್ಣಿನ ಮೇಲಿರುವುದರ ಪಟ್ಟಿಯಾದರೂ ನಮ್ಮ ಬಳಿ ಇರಬೇಡವೆ? 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಮೂರು ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಗಂಗರಾಜನ ಮಗ ಬೊಪ್ಪದೇವ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ ಆ ಮೂರರಲ್ಲಿಲ್ಲ. ಇದಕ್ಕೆ ದೂರುವವರು ಬಹಳ. ಅದರ ಮೇಲೊಂದು ಒಳ್ಳೆಯ ಕನ್ನಡ ಪುಸ್ತಿಕೆ ತರಲು ಹಣ ಕೊಟ್ಟವರು ಎಷ್ಟು?

ದೇವರ ದ್ರವ್ಯವನ್ನು ಅನ್ಯಕಾರ್ಯಕ್ಕೆ ಬಳಸುವುದು ದೋಷವೆಂಬ ಆಕ್ಷೇಪ ಹಗುರವಾದುದಲ್ಲ. ನಿರ್ಮಾಲ್ಯವನ್ನು ಮುಟ್ಟಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅಂಗಡಿ ಮಳಿಗೆಗಳ ಬಾಡಿಗೆ, ಕಲ್ಯಾಣಮಂಟಪದ ಆದಾಯ, ಸಾಮಾನ್ಯ ದೇಣಿಗೆಗಳಿಗೆ ಆ ಬಂಧನವಿಲ್ಲ. ಆದಾಯ ತೆರಿಗೆಯ ಕಾನೂನು ಕೂಡ ಚಾರಿತ್ರಿಕ ಮಹತ್ವದ ಸ್ಮಾರಕ ಮತ್ತು ವಸ್ತುಗಳ ರಕ್ಷಣೆಯನ್ನು ದತ್ತಿಯ ಉದ್ದೇಶವೆಂದು ಒಪ್ಪಿದೆ. ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವಿಲ್ಲವೆ? ದಾನಚಿಂತಾಮಣಿ ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಜಿನಾಲಯವನ್ನು ಕಟ್ಟಿಸಿದ್ದಲ್ಲದೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನೂ ಬರೆಯಿಸಿ ಹಂಚಿದಳು. ಬರೆದ ಲಿಪಿಕಾರರಿಗೆ ಕೂಲಿ ಕೊಟ್ಟವಳು ಆಕೆ. ಅದು ಸಂಬಳದ ವೆಚ್ಚವೇ. ಧರ್ಮಸ್ಥಳ ಕ್ಷೇತ್ರವು ಮಂಜೂಷಾ ವಸ್ತುಸಂಗ್ರಹಾಲಯವನ್ನು ತಾನೇ ನಡೆಸಿಕೊಂಡು ಬಂದಿರುವುದು ನಮ್ಮ ಕಣ್ಣೆದುರಿಗಿದೆ. ಎಲ್ಲ ಕ್ಷೇತ್ರಗಳಿಗೂ ಆ ಶಕ್ತಿಯಿಲ್ಲ, ನಿಜ. ಹತ್ತು ಸಣ್ಣ ಟ್ರಸ್ಟುಗಳು ಕೂಡಿದರೆ ಅದರ ಒಂದಂಶವಾದರೂ ಸಾಧ್ಯ.

ಅಮೆರಿಕದ ಡೆಟ್ರಾಯ್ಟ್ ನಗರದ ಸುತ್ತಣ ಮೂರು ಜಿಲ್ಲೆಗಳ ಜನ 2012ರಲ್ಲಿ ಮತ ಹಾಕಿ, ತಮ್ಮ ಕಲಾಸಂಗ್ರಹಾಲಯಕ್ಕಾಗಿ ತಮ್ಮ ಆಸ್ತಿಯ ಮೇಲೆ ತಾವೇ ತೆರಿಗೆ ಹೇರಿಕೊಂಡರು. ನಮಗೆ ತೆರಿಗೆ ಹಾಕುವ ಅಧಿಕಾರವಿಲ್ಲ. ಮಹಾಸಭೆಯಲ್ಲಿ ನಿರ್ಣಯ ಮಾಡುವ ಅಧಿಕಾರವಿದೆ. ಪ್ರತಿ ಬಸದಿಯ ಟ್ರಸ್ಟು ತನ್ನ ಬಂಧನವಿಲ್ಲದ ಆದಾಯದಲ್ಲಿ ನೂರಕ್ಕೆ 2ರಷ್ಟನ್ನು ಒಂದು ಸಾಮಾನ್ಯ ಮೂಲನಿಧಿಗೆ ಸೇರಿಸಲಿ. ಬಡ್ಡಿಯನ್ನು ಮಾತ್ರ ಖರ್ಚು ಮಾಡಲಿ. ಹಳೇಬೀಡಿನ ಸಂಗ್ರಹಾಲಯ ಸರ್ಕಾರದ್ದಾಗಿಯೇ ಇರಲಿ; ಅಲ್ಲಿಯ ಬಿಂಬಗಳನ್ನು ಮರಳಿ ಕೊಡಿರೆಂಬ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ, ಕೊಟ್ಟರೆ ಮತ್ತೆ ಹಿಂಬದಿಯ ಗೋಡೆಗೇ ಒರಗಿಸುತ್ತೇವೆ. ಕನ್ನಡದ ವಿವರಣಾ ಫಲಕ, ಸೂಚೀಪುಸ್ತಕಗಳಿಗೆ ಬೇಕಾದ ಹಣವನ್ನು ಸಂಸ್ಕೃತಿ ನಿಧಿಯ ಮೂಲಕ ಸಲ್ಲಿಸೋಣ. ದಾನಿಯ ಹೆಸರು ವಾರ್ಷಿಕ ಲೆಕ್ಕದಲ್ಲಿ ಅಚ್ಚಾದರೆ ಸಾಕು, ಗೋಡೆಯ ಮೇಲೆ ಬೇಡ.

2018ರ ಮಹಾಮಸ್ತಕಾಭಿಷೇಕದಲ್ಲಿ ಕಲಶಗಳಿಗೆ ಭಕ್ತರು ಕೋಟಿಗಟ್ಟಲೆ ರೂಪಾಯಿ ಅರ್ಪಿಸಿದರು. ಆ ಹಣ ಸತ್ಕಾರ್ಯಗಳಿಗೆ ಹೋಗುವುದರಲ್ಲಿ ನನಗೆ ತಕರಾರಿಲ್ಲ. ಹನ್ನೆರಡು ವರ್ಷದ ಲೆಕ್ಕದಂತೆ ಮುಂದಿನದು 2030ಕ್ಕೆ. ಆಗ 1008 ಕಲಶಗಳಲ್ಲಿ ಒಂದನ್ನು ಭಗ್ನ ಬಿಂಬಗಳ ರಕ್ಷಣೆಗೆಂದು ಮೀಸಲಿಡಬೇಕೆಂಬ ಮನವಿಗೆ ಟ್ರಸ್ಟುಗಳು ಈ ವರ್ಷದ ಮಹಾಸಭೆಗಳಲ್ಲಿಯೇ ಒಪ್ಪಿಗೆ ಪಡೆಯಲಿ. ಮನವಿಯ ಕರಡನ್ನು ಬರೆದುಕೊಡಲು ನಾನು ಸಿದ್ಧನಿದ್ದೇನೆ.