ಆ ‘ಎಕ್ಸ್’ ನಮಗೂ ಬೇಕು

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಮಿನಿ ಪ್ರಾಜೆಕ್ಟ್ ಕೈಕೊಟ್ಟಿತು. ನಾವು ಮಾಡಿದ್ದ ಪುಟ್ಟ ಗ್ಲೈಡರ್ ಲೆಕ್ಕಕ್ಕಿಂತ ಭಾರವಾಗಿ, ನಾಲ್ಕು ಮಾರು ಹಾರಿ ಮುಗ್ಗರಿಸಿತು. ಹಾಗೇಕಾಯಿತು ಎಂದು ನಾವು ಬರೆದಿದ್ದ ಆರು ಪುಟಗಳನ್ನು ಯಾರೂ ತಿರುವಿ ನೋಡಲಿಲ್ಲ. ‘ಔಟ್‌ಪುಟ್ ಎಲ್ಲಿ?’ ಎಂದಷ್ಟೇ ಕೇಳಿದರು. ಅಂಗಡಿಯಿಂದ ರೆಡಿಮೇಡ್ ಪ್ರಾಜೆಕ್ಟ್ ತಂದವರಿಗೆ ನಮಗಿಂತ ಹೆಚ್ಚು ಅಂಕ ಬಂತು.

ಆ ಬೇಸರದಲ್ಲಿದ್ದಾಗ ಓದಿದ್ದು ಬೋಯಿಂಗ್‌ನ ‘ಎಕ್ಸ್‌ಎಫ್6ಬಿ-1’ ವಿಮಾನದ ಕತೆ. ಅಮೆರಿಕದ ನೌಕಾಪಡೆಗಾಗಿ, ವಿಮಾನವಾಹಕ ನೌಕೆಯ ಮೇಲಿಂದ ಹಾರಲೆಂದು ತಯಾರಾದ ಜೋಡಿ ರೆಕ್ಕೆಯ ಯುದ್ಧವಿಮಾನ ಅದು. ನೌಕೆಯ ಡೆಕ್ ಚಿಕ್ಕದು. ಕಡಿಮೆ ವೇಗದಲ್ಲೇ ಏರಿ ಇಳಿಯಲು ರೆಕ್ಕೆಯ ವಿಸ್ತೀರ್ಣ ಹೆಚ್ಚಿರಬೇಕು. ಒಂದರ ಮೇಲೊಂದು ರೆಕ್ಕೆ ಇಟ್ಟರೆ ಚಿಕ್ಕ ವಿಮಾನಕ್ಕೂ ಅದು ದಕ್ಕುತ್ತದೆ. 625 ಅಶ್ವಶಕ್ತಿಯ ಎಂಜಿನ್. ರೆಕ್ಕೆಯ ಬಟ್ಟೆ ಹೊದಿಕೆ ಬಿಟ್ಟರೆ ಬಹುಪಾಲು ಲೋಹ. 1933ರ ಫೆಬ್ರುವರಿ 1ರಂದು ಅದು ಮೊದಲ ಬಾರಿಗೆ ಹಾರಿತು.

ಗಟ್ಟಿಮುಟ್ಟಾಗಿತ್ತು, ಆದರೆ ಭಾರ. ಯುದ್ಧವಿಮಾನಕ್ಕೆ ಬೇಕಾದ ಚುರುಕುತನ ಇರಲಿಲ್ಲ. ಎಂಜಿನ್ ಕವಚ ಬದಲಿಸಿದರು, ಮೂರು ಅಲಗಿನ ಪ್ರೊಪೆಲ್ಲರ್ ಹಾಕಿ ನೋಡಿದರು. 1934ರಲ್ಲಿ ಬಾಂಬ್ ಹಾಕುವ ಕೆಲಸಕ್ಕಾದರೂ ಆದೀತೆಂದು ಹೆಸರನ್ನೇ ಬದಲಿಸಿದರು. ಕೊನೆಗೂ ನೌಕಾಪಡೆ ಒಪ್ಪಲಿಲ್ಲ. ತಯಾರಾದದ್ದು ಒಂದೇ ಒಂದು. ಅಮೆರಿಕದ ನೌಕಾಪಡೆಗಾಗಿ ಬೋಯಿಂಗ್ ವಿನ್ಯಾಸ ಮಾಡಿದ ಕೊನೆಯ ಬೈಪ್ಲೇನ್ ಅದೇ. ಆದರೆ ಅದು ಹಾರಿದ ಒಂದೇ ವಾರಕ್ಕೆ, ಫೆಬ್ರುವರಿ 8ರಂದು, ಅದೇ ಕಂಪನಿಯ ‘247’ ಹಾರಿತು: ಒಂಟಿ ರೆಕ್ಕೆ, ಪೂರ್ತಿ ಲೋಹದ ಮೈ, ಮಡಚಿಕೊಳ್ಳುವ ಚಕ್ರಗಳ ಪ್ರಯಾಣಿಕ ವಿಮಾನ.

ಹೆಸರಿನ ಮೊದಲಿಗಿರುವ ‘ಎಕ್ಸ್’ ಎಂದರೆ ಪ್ರಾಯೋಗಿಕ. ಸೋಲಬಹುದು ಎಂದು ಮೊದಲೇ ಒಪ್ಪಿಕೊಂಡ ಅಕ್ಷರ ಅದು. ಆದರೆ ಸುಳ್ಳು ಹೇಳಲು ಅದರಲ್ಲಿ ಅವಕಾಶವಿಲ್ಲ. ಪರೀಕ್ಷೆಯಲ್ಲಿ ಕಂಡ ದೋಷವನ್ನು ಮುಚ್ಚಿಟ್ಟು ಪಾಸು ಮಾಡಿದ್ದರೆ ಬೆಲೆ ತೆರಬೇಕಾದವರು ಪೈಲಟ್‌ಗಳು.

ನಮ್ಮ ಲ್ಯಾಬ್‌ಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಉತ್ತರ ಮೊದಲೇ ಗೊತ್ತು. ರೀಡಿಂಗ್ ಅದಕ್ಕೆ ಹೊಂದಬೇಕು, ಅಷ್ಟೇ. ಹೊಂದದಿದ್ದರೆ ಪಕ್ಕದವರ ರೆಕಾರ್ಡ್ ಇದೆಯಲ್ಲ!

‘ಕೆಲಸ ಕೊಡುವವರು ಫಲಿತಾಂಶ ಕೇಳುತ್ತಾರೆ, ಸೋಲಿನ ಕತೆಯನ್ನಲ್ಲ’ ಎನ್ನುವವರಿದ್ದಾರೆ. ನಿಜ, ಬರೀ ಸೋಲು ಅರ್ಹತೆಯಲ್ಲ. ಆದರೆ ಸಂದರ್ಶನದಲ್ಲಿ ‘ಎಲ್ಲಿ ತೊಂದರೆಯಾಯಿತು, ಏನು ಮಾಡಿದಿರಿ?’ ಎಂದು ಕೇಳಿದರೆ, ಕೊಂಡು ತಂದವನ ಬಳಿ ಉತ್ತರವಿರುವುದಿಲ್ಲ. ಕೆಟ್ಟದ್ದೇಕೆ ಎಂದು ಅಳೆದು ಬರೆದವರಿಗೂ ಪ್ರಾಜೆಕ್ಟ್‌ನಲ್ಲಿ ಅಂಕ ಮೀಸಲಿಡಲಿ ಎಂಬುದಷ್ಟೇ ನನ್ನ ಕೋರಿಕೆ.

ಈ ಸೆಮಿಸ್ಟರ್‌ನಲ್ಲೂ ಅದೇ ಗ್ಲೈಡರ್ ಮಾಡುತ್ತಿದ್ದೇವೆ. ಈ ಸಲ ಅಂಟಿಸುವ ಮೊದಲು ಪ್ರತಿ ತುಂಡನ್ನೂ ತೂಗುತ್ತಿದ್ದೇವೆ. ಹಾರದಿದ್ದರೆ ಏಕೆಂದು ಹೇಳಲು ಆಗ ನಮ್ಮ ಹತ್ತಿರ ಲೆಕ್ಕವಾದರೂ ಇರುತ್ತದೆ.