ಕೈಯಾಗ ಶಕ್ತಿ ಇಲ್ಲಂತ!

ನಮ್ಮ ಅತ್ತಿಯವರಿಗೆ ಈಗ 78. ಹೋದ ತಿಂಗಳ ಬಚ್ಚಲಮನಿಗೆ ಹೊಸಾ ನಳ ಹಾಕಿಸಿದ್ವಿ. ದುಂಡನ್ನ ಗುಂಡಿ, ಥಳಥಳ ಹೊಳೀತದ, ಹಿಡಿಲಿಕ್ಕೆ ಬರೇ ನುಣುಪು. ಮರುದಿನ ಸಾಬಾಣದ ಕೈಲೆ ಬಂದ್ ಮಾಡಲಿಕ್ಕಾಗದ, ನಮ್ಮನ್ನ ಕರೀಲಿಕ್ಕೂ ನಾಚಿಕೊಂಡು ಸುಮ್ಮನ ಕೂತಾರ. ಮ್ಯಾಲಿನ ಟಾಕಿ ಖಾಲಿ ಆದಮ್ಯಾಲೆ ನಮಗ ಗೊತ್ತಾತು. "ಅವ್ವನ ಕೈಯಾಗ ಈಗ ಶಕ್ತಿ ಉಳಿದಿಲ್ಲ" ಅಂದ್ರು ನಮ್ಮನಿಯವರು. ನಳ ಹಾಕಿದಾವನೂ ಹೂಂ ಅಂದ.

ನನಗ ಸಿಟ್ಟು ಬಂದದ್ದು ಅಲ್ಲೇ. ಶಕ್ತಿ ಕಡಿಮಿ ಇಲ್ಲ, ಹಿಡಿಕಿ ಕಡಿಮಿ ಅದ.

ಪಿಯುಸಿಯೊಳಗ ಟಾರ್ಕ್ ಅಂದ್ರ ಬಲ ಗುಣಿಸು ದೂರ ಅಂತ ಬಾಯಿಪಾಠ ಮಾಡಿದ್ದೆ. ದೂರ ಅಂದ್ರ ತಿರುಗೋ ನಡುವಿನಿಂದ ಬಲದ ಗೆರೆಗೆ ಇರುವ ಲಂಬ ದೂರ. ಉದಾಹರಣೆ ಕೊಟ್ಟದ್ದು ಪಾನಾ ಮತ್ತ ನಟ್ಟು. ಮನ್ಯಾಗ ಯಾವ ಹೆಣ್ಣುಮಗಳು ದಿನಾ ನಟ್ಟು ಬಿಚ್ತಾಳ್ರೀ? ಅತ್ತಿಯವರು ಬೀಸಿದ ಕಲ್ಲು ಇನ್ನೂ ಹಿತ್ತಲದಾಗ ಬಿದ್ದದ. ಗೂಟ ಎಲ್ಲದ ನೋಡ್ರಿ: ಅಂಚಿನ್ಯಾಗ. ಕಾಳು ಹಾಕೋ ಬಾಯಿ ಹತ್ರ ಗೂಟ ಇಟ್ಟಿದ್ರ ಪೈಲವಾನನ ತೋಳೂ ಸೋಲ್ತಿತ್ತು. ಗೂಟಾನ ನೆಟ್ಟಗ ನಡುವಿನ ಕಡೆ ಒತ್ತಿದ್ರೂ ಕಲ್ಲು ತಿರುಗೂದಿಲ್ಲ, ಅಡ್ಡ ದೂಡಬೇಕು. ಅತ್ತಿಯವರು ನಸುಕಿನ್ಯಾಗ ಜ್ವಾಳ ಬೀಸ್ಕೋತ, ಮಾತಾಡ್ಕೋತ, ಅದನ್ನ ಮಾಡ್ತಿದ್ರು. ಆ ಕಲ್ಲು ಕಡದಾವ ಯಾವ ಸಾಲಿ ಕಲ್ತಿದ್ದನೋ ಯಾರಿಗ್ಗೊತ್ತು.

ಈಗ ನಳಕ್ಕ ಬರ್ರಿ. ತಿರುವಲಿಕ್ಕೆ 1 ನ್ಯೂಟನ್ ಮೀಟರ್ ಬೇಕು ಅಂತ ಇಟ್ಕೊಳ್ರಿ. ಗುಂಡಿಯ ನಡುವಿನಿಂದ ಅಂಚಿಗೆ 2 ಸೆಂಟಿಮೀಟರ್ ಇದ್ರ 50 ನ್ಯೂಟನ್ ಬಲ ಹಾಕಬೇಕು, ಅಂದ್ರ ಸುಮಾರು 5 ಕಿಲೋ ತೂಕ ಎತ್ತಿದಷ್ಟು. 8 ಸೆಂಟಿಮೀಟರ್ ಹಿಡಿಕಿ ಇದ್ರ ಹನ್ನೆರಡೂವರಿ ನ್ಯೂಟನ್ ಸಾಕು. ಇನ್ನೊಂದು ಮಾತು, ಯಾರೂ ಹೇಳೂದಿಲ್ಲ: ದುಂಡ ಗುಂಡಿ ತಿರುವಬೇಕಂದ್ರ ಮದಲು ಬಿಗಿಯಾಗಿ ಹಿಚುಕಿ ಹಿಡೀಬೇಕು. ಸಾಬಾಣ ಇದ್ರ ಕೈ ಜಾರ್ತದ. ಉದ್ದ ಹಿಡಿಕಿಗೆ ಹಿಡಿಯೂದೂ ಬ್ಯಾಡ, ಸುಮ್ಮನ ದೂಡಿದ್ರಾತು. ದವಾಖಾನ್ಯಾಗ ಡಾಕ್ಟರು ಮೊಣಕೈಲೆ ನಳ ಬಂದ್ ಮಾಡೂದು ನೋಡಿಲ್ಲೇನು? ಅವರಿಗ್ಯಾರೂ ಕೈಯಾಗ ಶಕ್ತಿ ಇಲ್ಲ ಅನ್ನೂದಿಲ್ಲ.

"ದುಂಡಂದು ಛಂದ ಕಾಣ್ತದ" ಅಂತಾರ. ಛಂದ ನೋಡ್ಕೋತ ಕೂಡಲಿಕ್ಕೆ ಬಚ್ಚಲಕ್ಕ ಯಾರು ಹೋಗ್ತಾರ? ಆವತ್ತಿನಿಂದ ಅತ್ತಿಯವರು ಒಬ್ಬರ ಜಳಕಕ್ಕ ಹೋಗೂದ ಬಿಟ್ಟಿದ್ರು. ಬಾಗಲಾ ಮುಂದ ಮಾಡಿ ನನ್ನ ಹೊರಗ ನಿಂದರಿಸ್ತಿದ್ರು, ಅದೂ ನಾಚಿಕೊಂಡು.

ನಿನ್ನೆ ಆ ಗುಂಡಿ ನಳ ತಗಿಸಿ ಉದ್ದ ಹಿಡಿಕೀದು ಹಾಕಿಸಿದೆ. ನಮ್ಮನಿಯವರು ದುಡ್ಡಿನ ಲೆಕ್ಕ ತಗದ್ರು. ಅತ್ತಿಯವರು ಒಳಗ ಹೋಗಿ, ಚಿಲಕಾ ಹಾಕ್ಕೊಂಡ್ರು.